ಕುಡಿದವರು ಸಾಹೇಬರು, ಜೈಲಿಗೆ ಹೋದವರು ಡ್ರೈವರು

ಮಾನ್ಯ ಇಲಾಖಾ ಮುಖ್ಯಸ್ಥರೇ,

ನಿಮ್ಮ ಅಧಿಕಾರಿಯೊಬ್ಬರು ಹಾಡಹಗಲೇ ಕುಡಿದು ಸರ್ಕಾರಿ ಜೀಪು ಓಡಿಸಿ ಒಬ್ಬ ಹೆಂಗಸಿನ ಜೀವ ತೆಗೆದರು. ಆ ತಪ್ಪಿಗೆ ಜೈಲಿನಲ್ಲಿರುವುದು ನನ್ನ ಗಂಡ. ಈ ಬಗ್ಗೆ ನಿಮಗೆ ನಾಲ್ಕು ಅರ್ಜಿ ಬರೆದೆ. ಮೂರಕ್ಕೆ ಉತ್ತರವಿಲ್ಲ. ನಾಲ್ಕನೆಯದನ್ನು ‘ಸೂಕ್ತ ಕ್ರಮಕ್ಕಾಗಿ’ ಎಂದು ಷರಾ ಬರೆದು ಕಳಿಸಿದಿರಿ. ಯಾರಿಗೆ? ಅದೇ ಅಧಿಕಾರಿಗೆ! ಆದ್ದರಿಂದ ಈ ಸಲ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಅರ್ಜಿ ಓದದವರೂ ಪತ್ರಿಕೆ ಓದುತ್ತಾರಂತೆ.

ನಾನು ಅಜ್ಜಂಪುರದ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ನನ್ನ ಯಜಮಾನರು ತೀರ್ಥಪ್ಪ, ಹದಿನಾಲ್ಕು ವರ್ಷ ನಿಮ್ಮ ಇಲಾಖೆಯ ಜೀಪು ಓಡಿಸಿದವರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಬೀಡಿಯನ್ನೂ ಮುಟ್ಟಿದವರಲ್ಲ. ಕಳೆದ ಫೆಬ್ರವರಿ ಎಂಟರಂದು ಶಿವನಿಯಲ್ಲಿ ಕಂಟ್ರಾಕ್ಟರೊಬ್ಬರ ಮನೆಯಲ್ಲಿ ಸಾಹೇಬರಿಗೆ ಔತಣವಿತ್ತು. ಊಟ ಮುಗಿಸಿ ಹೊರಬಂದ ಸಾಹೇಬರಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆದರೂ ಕೀಗೆ ಕೈ ಚಾಚಿದರು.

“ಬ್ಯಾಡಿ ಸಾರ್, ನಾನೇ ಓಡಿಸ್ತೀನಿ” ಎಂದರಂತೆ ನಮ್ಮವರು.

“ಜೀಪು ನಿಮ್ಮಪ್ಪಂದೇನೋ? ಪಕ್ಕದಲ್ಲಿ ಕೂತ್ಕೊ.”

ಅಜ್ಜಂಪುರ ಇನ್ನೇನು ಬಂತು ಎನ್ನುವಾಗ, ರಸ್ತೆಯಂಚಿನಲ್ಲಿ ಹುಚ್ಚಮ್ಮ ಎಂಬ ಹೆಂಗಸು ಮಗಳು ಕರಿಯಮ್ಮನ ಜೊತೆ ಒಣಹಾಕಿದ ಹುರುಳಿ ಗುಡಿಸುತ್ತಿದ್ದಳು. ಜೀಪು ರಸ್ತೆ ಬಿಟ್ಟು ಅವಳ ಮೇಲೆ ಹರಿಯಿತು. ಜನ ಸೇರಿ ಸಾಹೇಬರನ್ನು ಚಾಲಕನ ಸೀಟಿನಿಂದಲೇ ಇಳಿಸಿದರು. ಹೆಡ್ ಕಾನ್‌ಸ್ಟೇಬಲ್ ಲಕ್ಕಣ್ಣನವರು ಬಂದು ದಸ್ತಗಿರಿ ಮಾಡಿದರು.

ಸುದ್ದಿ ಕೇಳಿ ಪಾಠ ಬಿಟ್ಟು ಓಡಿದ ನಾನು ಠಾಣೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಸಾಹೇಬರ ಅಂಗಿಯ ಮೇಲೆಲ್ಲ ವಾಂತಿ. “ಲೇ, ನಾನ್ಯಾರು ಗೊತ್ತೇನೋ?” ಎಂದು ಲಕ್ಕಣ್ಣನವರ ಮೇಲೆ ಕೂಗಾಡುತ್ತಿದ್ದರು. “ಗೊತ್ತು ಸಾರ್. ಅದನ್ನೇ ಬರ್ಕೊಳ್ತಾ ಇದೀನಿ” ಎಂದರು ಲಕ್ಕಣ್ಣ. ಡಾಕ್ಟರು ಬಂದು ಬಾಯಿಯ ವಾಸನೆ ನೋಡಿ ಸರ್ಟಿಫಿಕೇಟು ಬರೆದರು. ಐದು ಗಂಟೆಗೆ ಒಂದು ಕಾರು ಬಂತು. ಸಾಹೇಬರು ಅದರಲ್ಲಿ ಹೊರಟೇ ಹೋದರು. ಸರ್ಟಿಫಿಕೇಟನ್ನು ಆಮೇಲೆ ಯಾರೂ ಕಂಡಿಲ್ಲ. ಲಕ್ಕಣ್ಣನವರಿಗೆ ಹದಿನೈದೇ ದಿನದಲ್ಲಿ ವರ್ಗವಾಯಿತು.

ಜೀಪು ಹರಿದ ಮರುದಿನ ಬೆಳಿಗ್ಗೆಯೇ ಕಚೇರಿಯ ಮ್ಯಾನೇಜರು ನಮ್ಮ ಮನೆಗೆ ಬಂದಿದ್ದರು. “ತೀರ್ಥಪ್ಪ, ನೀನೇ ಓಡಿಸ್ತಿದ್ದೆ ಅಂತ ಒಂದು ಸಹಿ ಹಾಕ್ಬಿಡು. ಆಯಮ್ಮಂಗೆ ಸೊಂಟ ಮುರಿದಿದೆ ಅಷ್ಟೆ, ಹುಷಾರಾಗ್ತಾಳೆ. ಸಾಹೇಬ್ರು ನಿನ್ನ ಕೈ ಬಿಡಲ್ಲ ಕಣಪ್ಪ. ಇಲ್ಲಾಂದ್ರೆ ಕೀ ಕೊಟ್ಟಿದ್ದೇ ತಪ್ಪಾಗುತ್ತೆ, ಕೆಲಸ ಹೋಗುತ್ತೆ.”

ನಮ್ಮವರು ನನ್ನ ಮುಖ ನೋಡಿದರು. “ಮಾಡ್ದೇ ಇರೋ ಪಾಪ ನಾನ್ಯಾಕೆ ಹೊತ್ಕೊಳ್ಲಿ?”

“ಹಾಕ್ಬಿಡ್ರೀ. ದೊಡ್ಡೋರ ಎದುರು ಹಾಕ್ಕೊಂಡು ಬದುಕೋಕಾಗುತ್ತಾ?” ಎಂದೆ.

ಹೌದು ಸ್ವಾಮಿ, ಹಾಗೆಂದವಳು ನಾನೇ. ಬೆದರಿಸಿದವರು ನಿಮ್ಮವರು, ಬೆದರಿದವಳು ನಾನು. ಸಹಿ ಮಾತ್ರ ಅವರದು.

ಒಂಬತ್ತನೆಯ ದಿನ ಹುಚ್ಚಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆ ಹೊತ್ತಿಗೆ ಸಾಹೇಬರು ಎದೆನೋವಿನ ರಜೆ ಹಾಕಿ ಕೆಮ್ಮಣ್ಣುಗುಂಡಿಯ ಅತಿಥಿಗೃಹದಲ್ಲಿದ್ದರು. ಎದೆಯಿದ್ದವರಿಗೆ ತಾನೆ ಎದೆನೋವು? ಇರಲಿ. “ಒಪ್ಕೊಂಡ್ರೆ ದಂಡದಲ್ಲಿ ಮುಗಿಯುತ್ತೆ” ಎಂದು ಮ್ಯಾನೇಜರು ಮತ್ತೆ ನಂಬಿಸಿದರು. ನಮ್ಮವರು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ಒಂದು ವರ್ಷ ಸಜೆಯಾಯಿತು. ‘ಸರ್ಕಾರಿ ಸೇವೆಗೆ ಕಳಂಕ’ ಎಂದು ಅವರನ್ನು ವಜಾ ಮಾಡಿದ ಆದೇಶಕ್ಕೆ ರುಜು ಹಾಕಿದವರು ನೀವು. ಠಾಣೆಯ ಬೆಂಚಿನ ಮೇಲೆ ಆ ಸ್ಥಿತಿಯಲ್ಲಿ ಕೂತಿದ್ದ ಅಧಿಕಾರಿ ಸೇವೆಗೆ ಏನಾಗುತ್ತಾರೆ? ಭೂಷಣವೆ?

ಗಾಂಧಿ ಜಯಂತಿಯಂದು ನಮ್ಮ ಶಾಲೆಯಲ್ಲಿ ಪಾನನಿರೋಧದ ಸಭೆ. ಮುಖ್ಯ ಅತಿಥಿ ಯಾರೆಂದುಕೊಂಡಿರಿ? ಅವರೇ. ಕುಡಿತದಿಂದ ಸಂಸಾರಗಳು ಹಾಳಾಗುವ ಬಗೆಯನ್ನು ಮುಕ್ಕಾಲು ಗಂಟೆ ವಿವರಿಸಿದರು. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ. “ಸಾರ್, ಹುಚ್ಚಮ್ಮನ ಮೇಲೆ ಜೀಪು ಹತ್ತಿಸಿದ ದಿನ ತಾವು ಎಷ್ಟು ಕುಡಿದಿದ್ರಿ?” ಮೂರನೆಯ ದಿನ ನನಗೆ ನೋಟೀಸು: ಅಶಿಸ್ತಿಗಾಗಿ ಕ್ರಮವನ್ನೇಕೆ ಕೈಗೊಳ್ಳಬಾರದು? ಸರ್ಕಾರದ ಕಾಗದಕ್ಕೆ ಇಷ್ಟು ವೇಗವಿದೆಯೆಂದು ಅಂದೇ ತಿಳಿದದ್ದು.

ಆ ನೋಟೀಸು ಕೈಗೆ ಬಂದ ಸಂಜೆ ಕರಿಯಮ್ಮನ ಮನೆಗೆ ಹೋದೆ. ಎಂಟು ತಿಂಗಳು ಆ ಬೀದಿಯಲ್ಲಿ ತಲೆಹಾಕುವ ಧೈರ್ಯ ನನಗಿರಲಿಲ್ಲ. ಅವಳು ಒಳಗೆ ಕರೆಯಲಿಲ್ಲ, ಹೋಗೆಂದೂ ಅನ್ನಲಿಲ್ಲ.

“ನಿಮ್ಮೆಜಮಾನ್ರು ಓಡಿಸ್ಲಿಲ್ಲ ಕಣಮ್ಮ. ನಾನು ನೋಡಿಲ್ವಾ? ನಮ್ಮವ್ವನ್ನ ಎತ್ಕಂಡು ಅಳ್ತಿದ್ರು. ಆದ್ರೆ ಅವ್ವನ್ನ ಯಾರು ಕೊಂದ್ರು ಅಂತ ನೀವ್ ನೀವೇ ಕೂತು ತೀರ್ಮಾನ ಮಾಡ್ಕಂಡ್ರಲ್ಲ, ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ?”

ಹೊಸ್ತಿಲಾಚೆ ನಿಂತು ಅತ್ತುಬಿಟ್ಟೆ. ಮರುದಿನ ಅವಳೇ ಶಾಲೆಗೆ ಬಂದು, ಕಂಡದ್ದನ್ನೆಲ್ಲ ನನ್ನಿಂದ ಬರೆಸಿ ಹೆಬ್ಬೆಟ್ಟು ಒತ್ತಿದಳು. ಕಳೆದ ಭಾನುವಾರ ಜೈಲಿನಲ್ಲಿ ಇದನ್ನು ನಮ್ಮವರಿಗೆ ಹೇಳಿದೆ. “ನಿಜ ಹೇಳ್ಬಿಡೋಣ ಕಣೇ. ಸುಳ್ಳು ಹೇಳಿದ್ದಕ್ಕೆ ಇನ್ನೊಂದು ವರ್ಷ ಹಾಕಿದ್ರೂ ಹಾಕ್ಲಿ” ಎಂದರು.

ನಾನು ದಯೆ ಬೇಡುತ್ತಿಲ್ಲ. ಆ ಅಧಿಕಾರಿಯನ್ನು ಅಮಾನತಿನಲ್ಲಿಟ್ಟು ವಿಚಾರಣೆ ನಡೆಸಿ. ಕರಿಯಮ್ಮ, ಲಕ್ಕಣ್ಣ, ಆ ಡಾಕ್ಟರು, ಮೂವರನ್ನೂ ಕರೆಸಿ ಕೇಳಿ. ಪ್ರಕರಣವನ್ನು ಮತ್ತೆ ತೆರೆಯುವಂತೆ ಸರ್ಕಾರಕ್ಕೆ ಬರೆಯಿರಿ. ಸುಳ್ಳಿಗೆ ಸಹಿ ಹಾಕಿಸಿದ್ದಕ್ಕೆ ನನಗೂ ಶಿಕ್ಷೆಯಾಗಲಿ. ಡಿಸೆಂಬರ್ ಒಂದರ ಬೆಳಿಗ್ಗೆ ಕರಿಯಮ್ಮನೂ ನಾನೂ ನಿಮ್ಮ ಕಚೇರಿಯ ಬಾಗಿಲಲ್ಲಿ ಕೂತಿರುತ್ತೇವೆ. ಒಳಗೆ ಕರೆಯಿರಿ, ಇಲ್ಲವೇ ಪೊಲೀಸರನ್ನು ಕರೆಸಿ. ಎದ್ದು ಮಾತ್ರ ಹೋಗುವುದಿಲ್ಲ.

ಇಂತಿ,
ಹೆದರಿ ಗಂಡನನ್ನು ಜೈಲಿಗೆ ಕಳಿಸಿದ
ಪಂಕಜಾಕ್ಷಿ
ಉಪಾಧ್ಯಾಯಿನಿ (ಈ ಪತ್ರ ಅಚ್ಚಾಗುವ ತನಕ)
ಅಜ್ಜಂಪುರ, 14 ನವೆಂಬರ್ 1983