ಸಾವಿನ ಶಾಮಿಯಾನ

ಅಡಿಸ್ ಅಬಾಬಾ

ಮೆಲಾಕು, ಮಗಾ,

ಸಾವಿನ ಮನೆ ಮುಂದೆ ಹಾಕುವ ನಮ್ಮ ಸಂಘದ ಶಾಮಿಯಾನ ಇವತ್ತು ಕೊನೆಗೂ ಓಣಿಯಲ್ಲಿ ಎದ್ದಿತು ಕಣೋ. ನಿನಗಾಗಿ ಅಲ್ಲ, ಪಕ್ಷದ ಸಭೆಗೆ.

ಮಸ್ಸಾವಾ ಬಂದರು ಬಂಡುಕೋರರ ಪಾಲಾಯಿತು, ನಿನ್ನನ್ನು ಅಲ್ಲೇ ಮಣ್ಣು ಮಾಡಿ ಬಂದೆ ಅಂತ ನಿನ್ನ ಜೊತೆಯ ಸಿಪಾಯಿ ಕುಂಟಿಕೊಂಡು ಬಂದು ಹೇಳಿದ ದಿನವೇ ಈ ಶಾಮಿಯಾನ ಕೊಡಿ ಅಂತ ಕೇಳಿದ್ದೆ. ಓಣಿಯ ಪಕ್ಷದ ಕಾರ್ಯದರ್ಶಿ ಗೆಟಾಹುನ್ ಕೊಡಿಸಲಿಲ್ಲ.

"ಮಸ್ಸಾವಾ ನಮ್ಮ ಕೈಲೇ ಇದೆ ಅಂತ ರೇಡಿಯೋ ಹೇಳ್ತಿದೆ. ನೀವು ಅತ್ತರೆ ಊರು ಹೋಯ್ತು ಅಂತ ಜನ ತಿಳ್ಕೊಳ್ಳಲ್ವೇನಮ್ಮ?" ಅಂದ.

ಇವತ್ತು ಅದೇ ಶಾಮಿಯಾನದ ಕೆಳಗೆ ನಿಂತು ಮಸ್ಸಾವಾದ ವಿಜಯದ ಬಗ್ಗೆ ಭಾಷಣ ಬಿಗಿದ.

"ಗೆದ್ದಿದ್ರೆ ಇವನ ಮಗನನ್ನೂ ಕಳಿಸಲಿ, ಸಮುದ್ರ ನೋಡ್ಕೊಂಡು ಬರ್ತಾನೆ," ಅಂತ ಪಕ್ಕದ ಮನೆ ಯೆಶಿ ಅಕ್ಕ ಗೊಣಗಿದಳು. ಆಮೇಲೆ ಸಾವಿನ ಮನೆಗೆ ಬಂದವಳ ಹಾಗೆ ಶಾಲಿನ ಬಣ್ಣದ ಅಂಚನ್ನು ಮೇಲೆ ತಿರುಗಿಸಿ ಕತ್ತಿಗೆ ಸುತ್ತಿಕೊಂಡಳು. ಅವಳನ್ನು ನೋಡಿ ಹೆಂಗಸರೆಲ್ಲ ಹಾಗೇ ಮಾಡಿದರು. ನಾನೂ ಮಾಡಿದೆ. ಯಾರೂ ದನಿ ತೆಗೆಯಲಿಲ್ಲ. ಆದರೂ ನಿನಗಾಗಿ ಓಣಿಯೆಲ್ಲ ಅತ್ತ ಹಾಗಾಯಿತು.

ಗೆಟಾಹುನ್ ಭಾಷಣ ನಿಲ್ಲಿಸಿದ. "ಏನಮ್ಮಾ ಇದು? ಯಾರ ಮನೇಲಿ ಸಾವು?"

ಎಲ್ಲರೂ ನನ್ನ ಮುಖ ನೋಡಿದರು. ನಿನ್ನ ತಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಅವನಿಗೀಗ ಹದಿನೇಳು. ಸೇನೆಗೆ ಹುಡುಗರನ್ನು ಆರಿಸುವವನೂ ಈ ಗೆಟಾಹುನ್ನೇ.

"ಯಾರೂ ಸತ್ತಿಲ್ಲ, ಕಾಮ್ರೇಡ್," ಅಂದೆ.

ಹೆಂಗಸರು ಒಬ್ಬೊಬ್ಬರಾಗಿ ಶಾಲಿನ ಅಂಚು ಕೆಳಗಿಳಿಸಿದರು. ಯೆಶಿ ಅಕ್ಕ ಎಲ್ಲರಿಗಿಂತ ಕೊನೆಗೆ.

ಮೊದಲು ಇಳಿಸಿದವಳು ನಾನು.