ಸೊಸೆ ಮುಚ್ಚಿದ ಕುಳಿ

ಇಸಮಾಲ್, ಭಾನುವಾರ

ಅಕ್ಕಾ,

ಮಗುವಿನ ಜ್ಞಾನಸ್ನಾನದ ಊಟಕ್ಕೆ ನಿನ್ನೆ ಹಿತ್ತಲ ಕುಳಿಯಲ್ಲಿ ಹಂದಿಮಾಂಸ ಹೂತೆವು. ಹುಳಿಕಿತ್ತಳೆ ರಸ, ಕೆಂಪು ಮಸಾಲೆ ಹಚ್ಚಿ, ಬಾಳೆಎಲೆಯಲ್ಲಿ ಸುತ್ತಿ, ಕಾದ ಕಲ್ಲುಗಳ ಮೇಲೆ ಇಟ್ಟದ್ದು ಅತ್ತೆ. ಮಣ್ಣು ಮುಚ್ಚುವ ಸಲಿಕೆಯನ್ನು ಮಾತ್ರ ಮೊದಲ ಸಲ ನನ್ನ ಕೈಗೆ ಕೊಟ್ಟರು. ಎಲ್ಲಾದರೂ ಆವಿ ಸೋರಿದರೆ ಮಾಂಸ ಬೇಯುವುದಿಲ್ಲ, ಊರೆಲ್ಲ ನಗುತ್ತದೆ.

"ಉತ್ತರದಿಂದ ಬಂದ ಸೊಸೆ ಮುಚ್ಚಿದ್ದಾ, ಫೆಲಿಪಮ್ಮಾ? ಹಾಗಾದ್ರೆ ನಾವು ಮನೇಲೇ ಉಂಡ್ಕೊಂಡು ಬರ್ತೀವಿ," ಎಂದು ಅತ್ತೆಯನ್ನು ಕೆಣಕಿದ ಪಕ್ಕದ ಮನೆಯ ಎಲಾದಿಯೋ.

ಇವತ್ತು ತೆರೆದಾಗ ಮೂಳೆ ತಾನಾಗಿಯೇ ಕಳಚಿ ಅತ್ತೆಯ ಕೈಗೆ ಬಂತು. ಅದನ್ನು ಎತ್ತಿಹಿಡಿದು ಬೇಲಿಯವರೆಗೂ ಓಡಿದರು: "ಲೋ ಎಲಾದಿಯೋ, ಉಂಡಾಯ್ತಾ? ನಮ್ಮ ಸೊಸೆ ಮುಚ್ಚಿದ ಕುಳಿ ಕಣೋ, ಬಂದು ನೋಡು!"

ನಾವೆಲ್ಲ ಆರೋಗ್ಯ. ಈ ಕಾರ್ಡಿನ ಮೇಲಿನ ಕೆಂಪು ಕಲೆ ರಕ್ತವಲ್ಲ, ಮಸಾಲೆ. ಅತ್ತೆಯೂ ನಿನಗೊಂದು ಸಾಲು ಬರೆಯುತ್ತೇನೆಂದು ಮಾಂಸ ಬಿಡಿಸಿದ ಕೈಯಲ್ಲೇ ಕಾರ್ಡ್ ಕಿತ್ತುಕೊಂಡಿದ್ದರು.

ನಿನ್ನ ರೆಬೇಕಾ