ಅತ್ತೆ ಸೊಸೆ ಸೆರೆಂಗೆಟಿಗೆ

ರೀ,

ನಿಮ್ಮನ್ನು ಎಬ್ಬಿಸಲಿಲ್ಲ. ಎಬ್ಬಿಸಿದ್ದರೆ ಈ ವಯಸ್ಸಲ್ಲಿ ಅವ್ವನಿಗೆ ಆಫ್ರಿಕಾ ಯಾಕೆ ಅಂತ ಮತ್ತೆ ಶುರು ಮಾಡುತ್ತಿದ್ದಿರಿ. ನಿಮ್ಮ ಸ್ವೆಟರ್ ಹುಡುಕಬೇಡಿ, ಅತ್ತೆ ಹಾಕಿಕೊಂಡಿದ್ದಾರೆ. ಸೆರೆಂಗೆಟಿ ಕಾಡಿನಲ್ಲಿ ಬೆಳಗಿನ ಚಳಿ ಜೋರಂತೆ.

ಕರಿ ಹಸು ಒದೆಯುತ್ತದೆ, ಹಿಂಡಿ ಇಟ್ಟ ಮೇಲೇ ಹಾಲು ಕರೆಯಿರಿ. ಡೇರಿಗೆ ತಡ ಮಾಡಬೇಡಿ. ಬಸ್ಸಾರು ಫ್ರಿಜ್ಜಿನಲ್ಲಿದೆ, ಮುದ್ದೆ ಮಾತ್ರ ನೀವೇ ಕಟ್ಟಿಕೊಳ್ಳಬೇಕು.

ಸಿಟ್ಟು ಬೇಡ. ಟಿಕೆಟ್ ಮಾಡಿಸುವ ಮುಂಚೆ ನಾನೂ ಕೇಳಿ ನೋಡಿದ್ದೆ, "ಮೈಸೂರು ಮೃಗಾಲಯದಲ್ಲೇ ಸಿಂಹ ಇಲ್ವಾ ಅತ್ತೆ?" ಅಂತ.

"ಅದು ನನ್ನಂಗೆ ಕೂತೇ ಇರ್ತದೆ ಕಣವ್ವ. ಓಡೋ ಸಿಂಹ ನೋಡ್ಬೇಕು" ಅಂದರು.

ಹಾಗಂದ ಮೇಲೆ ಹೇಗೆ ಬೇಡ ಅನ್ನಲಿ? ಕಾರು ಬಂತು. ಅಲ್ಲಿಂದ ಅತ್ತೆಯೇ ಫೋನ್ ಮಾಡುತ್ತಾರೆ, ಬೈಯದೆ "ಸಿಂಹ ಸಿಕ್ತಾ ಅವ್ವ?" ಅಂತ ಕೇಳಿ.

ಸುಧಾಮಣಿ